ಅವ್ವನ ಲಿಂಗ ಹಿಡಿದು ಕೂತದ್ದು

ಅತ್ತೆಯ ದನಿ ನಮ್ಮೂರು ಯಳವಿಯ ಒಂದು ಓಣಿಯಲ್ಲಿ ಎದ್ದರೆ ಮೂರನೆಯ ಓಣಿಗೆ ಕೇಳುವಂಥದ್ದು. ಅತ್ತೆ ಎಂದರೆ ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡು, ಮಕ್ಕಳಿಲ್ಲದೆ ತವರಿಗೆ ಬಂದವಳು. ಮನೆಯ ಯಜಮಾನಿಕೆಯನ್ನು ಯಾರೂ ಅವಳಿಗೆ ಕೊಟ್ಟಿರಲಿಲ್ಲ, ಅವಳೇ ತೆಗೆದುಕೊಂಡಿದ್ದಳು. ಹಿತ್ತಲಲ್ಲಿ ಎಮ್ಮೆಯನ್ನು ಬೈದರೆ ಅಗಸಿ ಬಾಗಿಲಲ್ಲಿ ಕೂತ ಗಂಡಸರು ತಮ್ಮನ್ನೇ ಬೈದಳೆಂದು ತಿಳಿದು ಬೀಡಿ ಆರಿಸುತ್ತಿದ್ದರು. ಅಂಥ ಅತ್ತೆ ಒಂದು ದಿನ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಪಿಸುಮಾತಿನಲ್ಲಿ ಮಾತಾಡಿದಳು. ಅವಳು ಹೇಳಿದ್ದು ಏನೆಂದು ತಿಳಿಯುವ ಮೊದಲೇ, ಆ ಪಿಸುಮಾತಿಗೇ ನಾನು ಹೆದರಿಬಿಟ್ಟೆ.

"ನಿಮ್ಮವ್ವನ ಹೊಟ್ಟ್ಯಾಗ ಗಡ್ಡಿ ಐತಂತ. ಕೊಯ್ದ ತಗೀಬೇಕಂತ" ಎಂದಳು.

ಜತ್ತ ಸಂಸ್ಥಾನ ಮುಗಿದು ಸರಕಾರ ಬಂದ ಹೊಸತು ಅದು. ನನಗೆ ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಅವ್ವನಿಗೆ ಮೈಯಲ್ಲಿ ಹುಷಾರಿಲ್ಲ ಎಂಬ ಸುದ್ದಿ ಬಂದು ಗಂಡನ ಮನೆಯಿಂದ ಬಂದಿದ್ದೆ. ಬಂದು ನೋಡಿದರೆ ಅವ್ವನ ಮುಖ ಹಳೆಯ ಅರಿಷಿಣದ ಹಾಗೆ ಕಳೆಗೆಟ್ಟಿತ್ತು, ಹೊಟ್ಟೆ ಮಾತ್ರ ತುಂಬಿದ ಬಸುರಿಯದು. ಜತ್ತಿನ ಡಾಕ್ಟರರು ಅಪ್ಪನಿಗೆ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು: ಇದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ, ಪೂರ್ವಕ್ಕೆ ಹೋದರೆ ವಿಜಾಪುರ, ಪಶ್ಚಿಮಕ್ಕೆ ಹೋದರೆ ಮಿರಜ, ಎರಡೂ ಕಡೆ ಕೊಯ್ಯುವ ಖಾಸಗಿ ದವಾಖಾನೆಗಳಿವೆ, ಎಲ್ಲಿಗೆ ಬೇಕಾದರೂ ಒಯ್ಯಿರಿ, ತಡ ಮಾಡಬೇಡಿ. ಅಪ್ಪ ಕಿರಾಣಿ ಅಂಗಡಿಯವರು. ಗಿರಾಕಿ ಬೆಲ್ಲ ಕೇಳಿದರೂ ಎರಡು ತರದ್ದು ತೋರಿಸಿ ನೀವೇ ನೋಡಿ ಎನ್ನುವ ಮನುಷ್ಯ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರು ತಾಲೂಕಿನಲ್ಲಿ ಇರಲಿಲ್ಲ. ಅಂಥವರ ತಲೆಯ ಮೇಲೆ ಹೀಗೊಂದು ಆಯ್ಕೆ ಬಂದು ಬಿದ್ದಿತ್ತು.

ಅವ್ವ ಅಳಲಿಲ್ಲ. ಎಷ್ಟು ಕೊಯ್ಯುತ್ತಾರೆ, ನೋವಾಗುತ್ತದೆಯೇ, ಏನೂ ಕೇಳಲಿಲ್ಲ. ಅವಳು ಕೇಳಿದ್ದು ಒಂದೇ ಮಾತು.

"ಲಿಂಗ ತಗಸ್ತಾರೇನು?"

ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿಗೆ ಮೊದಲು ಕಟ್ಟುವುದು ಲಿಂಗ, ಸತ್ತವರ ಸಂಗಡ ಮಣ್ಣಿಗೆ ಹೋಗುವುದೂ ಅದೇ. ನಡುವೆ ಅದು ಮೈ ಬಿಟ್ಟು ಹೋಗಬಾರದು. ಅವ್ವನದು ಬೆಳ್ಳಿಯ ಕರಡಿಗೆ. ದಿನಾ ಸ್ನಾನವಾದ ಮೇಲೆ ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿ, ಮತ್ತೆ ಕೊರಳಿಗೆ ಹಾಕಿಕೊಂಡ ಮೇಲೆಯೇ ಅವಳ ಬಾಯಿಗೆ ನೀರು ಬೀಳುತ್ತಿತ್ತು. ಸ್ನಾನಕ್ಕೂ ಅದನ್ನು ಬಿಚ್ಚಿದವಳಲ್ಲ. ಅತ್ತೆ ಇನ್ನೂ ಒಂದು ಕೈ ಮೇಲು. ಅವಳ ಅಜ್ಜಿಯ ಶಿವದಾರ ಹರಿದು ಲಿಂಗ ಬಾವಿಗೆ ಬಿದ್ದಾಗ, ಅದನ್ನು ತೆಗೆದು ಕೈಗೆ ಕೊಡುವವರೆಗೆ ಅಜ್ಜಿ ಬಾವಿಯ ಕಟ್ಟೆ ಬಿಟ್ಟು ಏಳಲಿಲ್ಲವೆಂಬ ಕತೆಯನ್ನು ನಮಗೆ ಅನ್ನದ ಸಂಗಡ ಉಣಿಸಿದ್ದಳು. ಹೀಗಾಗಿ ಅವ್ವನ ಪ್ರಶ್ನೆಗೆ ಯಾರೂ ನಗಲಿಲ್ಲ. ಯಾವ ದವಾಖಾನೆ ಎಂಬುದು ಆ ಒಂದು ಮಾತಿನ ಮೇಲೆ ನಿಂತಿತು.

ಅತ್ತೆ ಮರುದಿನವೇ ಚಕ್ಕಡಿ ಕಟ್ಟಿಸಿಕೊಂಡು ಕುಣಿಕೋಣೂರಿಗೆ ಹೋದಳು. ಅಲ್ಲಿ ನಮ್ಮ ಬಳಗದ ಒಬ್ಬ ಹೆಣ್ಣುಮಗಳು ವಿಜಾಪುರದಲ್ಲಿ ಕೊಯ್ಯಿಸಿಕೊಂಡು ಬಂದಿದ್ದಳು. ಸಂಜೆ ಬಂದ ಅತ್ತೆಯ ದನಿ ಅರ್ಧ ಮರಳಿತ್ತು. "ಡಾಕ್ಟರು ನಮ್ಮವರ ಅದಾರ. ಹಣೀ ಮ್ಯಾಲ ವಿಭೂತಿ ಇಲ್ಲದ ಹೊರಗ ಬರಂಗಿಲ್ಲಂತ. ಮನಿ ಮಂದಿ ಎಲ್ಲಾ ಸಂಗತೀನ ಇರಬಹುದು, ಒಲಿ ಹೂಡಿ ನಮ್ಮ ರೊಟ್ಟಿ ನಾವ ಮಾಡ್ಕೋಬಹುದು. ಲಿಂಗ ಮುಟ್ಟಂಗಿಲ್ಲಂತ, ಭುಜದ ಮ್ಯಾಲ ಸರಸಿ ಕೊಯ್ತಾರಂತ."

ಅಪ್ಪ ನನ್ನನ್ನು ಕರೆದುಕೊಂಡು ಸನಮಡಿಗೆ ಹೋದರು. ಮಿರಜಿನಲ್ಲಿ ಕೊಯ್ಯಿಸಿಕೊಂಡ ಹೆಣ್ಣುಮಗಳು ಅಲ್ಲಿದ್ದಳು, ಕುರಿಯವರ ಮನೆಯಾಕೆ. ಹೋದಾಗ ಹಟ್ಟಿಯಲ್ಲಿ ಕಂಬಳಿ ಒಗೆದು ಹಿಂಡುತ್ತಿದ್ದಳು. ಅವಳಿಗೆ ಮಿರಜಿನ ಮೇಲೆ ಹೊಟ್ಟೆ ತುಂಬ ಸಿಟ್ಟಿತ್ತು.

"ಹೋಗಬ್ಯಾಡ್ರಿ ಸಾವಕಾರ್ರ ಅಲ್ಲಿ. ಆ ನರ್ಸಬಾಯಿ ಬಾಯಿ ಅಂದ್ರ ಬಾಯಿ ಅಲ್ಲ, ಕೊಡ್ಲಿ. ನನ್ನ ತಾಳಿ, ಬಳಿ, ಎಲ್ಲಾ ಬಿಚ್ಚಿಸಿ ಗಂಡನ ಕೈಯಾಗ ಕೊಟ್ಟು ಅವನ್ನ ಹೊರಗ ದಬ್ಬಿದ್ಳು. ಮಾತಾಡಸಾಕ ದಿನಕ್ಕ ಒಂದ ಸಲ, ಅದೂ ಖಿಡಕೀಲೆ. ಒಂದ ದಿನ ಚಲೋ ಮಾತಾಡಲಿಲ್ಲ ನೋಡ್ರಿ. ಯಾವಾಗ ನೋಡಿದರೂ ಕೈ ತೊಳಕೋತ ನಿಂತಿರತಾರ. ನನ್ನ ಮುಟ್ಟೂದಕ ಮೊದಲೂ ತೊಳಿತಿದ್ರು, ಮುಟ್ಟಿದ ಮ್ಯಾಲೂ ತೊಳಿತಿದ್ರು. ನಾ ಏನ ಹೊಲಸ ಇದ್ದೆನೇನ್ರಿ?"

ಇದನ್ನು ಹೇಳಿ ಎದ್ದು, ತೋಯ್ದ ಕಂಬಳಿಯನ್ನು ಒಬ್ಬಳೇ ಎತ್ತಿ ಬೇಲಿಯ ಮೇಲೆ ಹಾಕಿದಳು. ಆ ಭಾರ ಎತ್ತಿದ್ದನ್ನು ನಾನು ಕಣ್ಣಾರೆ ನೋಡಿದೆ. ಕುಣಿಕೋಣೂರಿನ ನಮ್ಮ ಬಳಗದವಳು ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಾಳೆಂದು ಅತ್ತೆಯೇ ಹೇಳಿದ್ದಳು. ಆದರೆ ಅವೆರಡನ್ನು ಪಕ್ಕಪಕ್ಕ ಇಟ್ಟು ತೂಗುವ ಬುದ್ಧಿ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಯಾರು ಪ್ರೀತಿಯಿಂದ ಮಾತಾಡಿದರು, ಯಾರು ಬೈದರು, ಲಿಂಗ ಉಳಿಯಿತೇ ಹೋಯಿತೇ, ಇದಿಷ್ಟೇ ನಮ್ಮ ತಕ್ಕಡಿ. ಇನ್ನೊಂದು ಮಾತು: ನಾವು ಕೇಳಿದ್ದು ಬದುಕಿ ಬಂದವರನ್ನು. ಬರದೇ ಹೋದವರು ಹಟ್ಟಿಯಲ್ಲಿ ಕೂತು ಸುದ್ದಿ ಹೇಳುವುದಿಲ್ಲವಲ್ಲ.

ವಿಜಾಪುರಕ್ಕೇ ಹೋದೆವು. ಬೋರ್ಡಿನ ಮೇಲೆ ನರ್ಸಿಂಗ್ ಹೋಮ್ ಎಂದು ಬರೆದಿತ್ತು, ಆದರೆ ಒಳಗೆ ಅದು ಥೇಟ್ ಬೀಗರ ಮನೆ. ಅಂಗಳದಲ್ಲಿ ಸಾಲು ಒಲೆಗಳು, ಒಗ್ಗರಣೆಯ ವಾಸನೆ, ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತ ಮುದುಕಿಯರು. ಡಾಕ್ಟರರು ಪೂಜೆ ಮುಗಿಸಿ ಬಂದವರು ಅವ್ವನ ಕರಡಿಗೆಯನ್ನು ನೋಡಿ ಕೈಮುಗಿದರು. "ತಾಯೀ, ಇದು ನಿಮ್ಮ ಮನಿ ಅಂತ ತಿಳೀರಿ. ನಿಮ್ಮ ಪೂಜಾ ಆಗೂತನಾ ನಾ ಬಾಗಲದಾಗ ನಿಂತಿರತೀನಿ" ಎಂದರು. ಅವ್ವನ ಕಣ್ಣಲ್ಲಿ ನೀರು ಬಂತು. ಅತ್ತೆ ಗೆದ್ದವಳಂತೆ ನನ್ನ ಕಡೆ ನೋಡಿದಳು. ಅವರು ಒಳ್ಳೆಯ ಮನುಷ್ಯರೇ, ಅದರಲ್ಲಿ ಎರಡು ಮಾತಿಲ್ಲ. ಆ ಒಳ್ಳೆಯತನಕ್ಕೇ ನಾನು ಇವತ್ತಿಗೂ ಅಂಜುತ್ತೇನೆ.

ಅವ್ವನಿಗೆ ರಕ್ತ ಕಡಿಮೆ ಇದೆ, ನಾಲ್ಕು ದಿನ ಹಾಲು ಹಣ್ಣು ತಿಂದು ಗಟ್ಟಿಯಾಗಲಿ, ಆಮೇಲೆ ಕೊಯ್ಯೋಣ ಎಂದು ಇರಿಸಿಕೊಂಡರು. ಪಕ್ಕದ ಕಿಟಕಿಯ ಮಂಚದಲ್ಲಿ ಇಂಡಿ ತಾಲೂಕಿನ ಕಡೆಯ ಹೆಣ್ಣುಮಗಳೊಬ್ಬಳು ಇದ್ದಳು. ಅವಳಿಗೂ ಹೊಟ್ಟೆ ಕೊಯ್ದಿದ್ದರು. ನಗಬಾರದು, ಹೊಲಿಗೆ ಬಿಚ್ಚುತ್ತದೆ ಎಂದು ಎಲ್ಲರೂ ಬೈದರೂ ಅವಳಿಗೆ ನಗದೆ ಇರಲು ಬರುತ್ತಿರಲಿಲ್ಲ. "ಅಕ್ಕಾರ, ನಂದ ಮುಗೀತು, ಇನ್ನ ನಿಮ್ಮ ಪಾಳಿ. ಏನೂ ತ್ರಾಸ ಇಲ್ಲ, ಕಣ್ಣ ಮುಚ್ಚಿ ಕಣ್ಣ ತೆರಿಯೂದ ತಡ" ಎಂದು ಅವ್ವನಿಗೆ ಧೈರ್ಯ ಹೇಳುತ್ತಿದ್ದಳು. ಅವಳ ಧೈರ್ಯ ಅವ್ವನಿಗೆ ಅಂಟಿತು. ನನಗೂ ಸ್ವಲ್ಪ ಅಂಟಿತು.

ಆದರೆ ನನಗೆ ಸುಮ್ಮನೆ ಕೂತು ನೋಡುವ ಚಾಳಿ. ಡಾಕ್ಟರರು ಬಂದು ಆಕೆಯ ಪಟ್ಟಿಯನ್ನು ಬರಿಗೈಯಿಂದ ಎತ್ತಿ ಗಾಯ ಒತ್ತಿ ನೋಡಿದರು, ಅದೇ ಕೈಯಿಂದ ಆಚೆಯ ಮಂಚದವಳದನ್ನೂ ಒತ್ತಿದರು, ಹೊರಡುವಾಗ ಅವ್ವನ ತಲೆ ಸವರಿದರು. ಆಯಾ ಒಂದೇ ಬೋಗುಣಿಯ ನೀರಿನಲ್ಲಿ ಎಲ್ಲರ ಗಾಯ ಒರೆಸುತ್ತ ಬಂದಳು. ಒಗೆದ ಪಟ್ಟಿಗಳನ್ನು ಅಂಗಳದ ಹಗ್ಗದ ಮೇಲೆ ನಮ್ಮ ಕೌದಿಗಳ ಸಂಗಡವೇ ಹರವುತ್ತಿದ್ದರು, ಅದರ ಮೇಲೆ ನೊಣ. ನಮ್ಮ ಮನೆಗಳಲ್ಲಿ ಇಲ್ಲದ ನೊಣವೇನಲ್ಲ, ನಾನೂ ಅದಕ್ಕೆ ಹೇಸಿಕೊಂಡವಳಲ್ಲ. ಆದರೆ ಸನಮಡಿಯವಳ ಮಾತು ಇದ್ದಕ್ಕಿದ್ದಂತೆ ನೆನಪಾಯಿತು. ಮುಟ್ಟುವ ಮೊದಲೂ ತೊಳೆಯುತ್ತಿದ್ದರು, ಮುಟ್ಟಿದ ಮೇಲೂ ತೊಳೆಯುತ್ತಿದ್ದರು. ಇಲ್ಲಿ ಕೈ ತೊಳೆದವರನ್ನು ನಾನು ಊಟದ ಹೊತ್ತಿನಲ್ಲಷ್ಟೇ ನೋಡಿದ್ದೆ.

ಇಂಡಿಯವಳಿಗೆ ಜ್ವರ ಬಂತು. ಮೊದಲು ಚಳಿ ಎಂದಳು. ಆಮೇಲೆ ನಗು ನಿಂತಿತು. ಪಟ್ಟಿ ಬಿಚ್ಚಿದಾಗ ಬಂದ ವಾಸನೆಗೆ ಅಂಗಳದ ಒಗ್ಗರಣೆಯೂ ಸೋತಿತು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಳ್ಳಲು ಹೋಗಿ, ಆಕೆಗೆ ಬೇಸರವಾದೀತೆಂದು ಕೈ ಇಳಿಸಿದಳು. ಎರಡು ದಿನಕ್ಕೆ ಆಕೆ ತನ್ನ ಗಂಡನನ್ನೇ ಯಾರು ಎಂದು ಕೇಳತೊಡಗಿದಳು. ಒಂದು ಬೆಳಗ್ಗೆ ಎದ್ದು ನೋಡಿದರೆ ಡಾಕ್ಟರರು ಆಕೆಯ ಮಂಚದ ಪಕ್ಕ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅದು ತೋರಿಕೆಯ ಅಳುವಲ್ಲ. "ಅಕೀ ಆಯುಷ್ಯ ಅಷ್ಟ ಇತ್ತು" ಎಂದು ಎಲ್ಲರೂ ಅಂದರು. ಇಂಥ ಡಾಕ್ಟರರು ಎಲ್ಲಿ ಸಿಗುತ್ತಾರೆ ಎಂದೂ ಅಂದರು.

ಹೆಣ ಎತ್ತಿದ ಮೇಲೆ ಆಯಾ ಆ ಗಾದಿಯನ್ನು ಮಗುಚಿ ಹಾಕಿ, ಮೇಲೊಂದು ಒಗೆದ ಚಾದರ ಹಾಸಿ, ನಗುನಗುತ್ತ ಬಂದಳು. "ಬರ್ರಿ ಅವ್ವಾರ, ಖಿಡಕಿ ಜಾಗಾ ಖಾಲಿ ಆಗೇತಿ. ನಿಮಗಂತ ಡಾಕ್ಟರ ಸಾಹೇಬರು ಹೇಳ್ಯಾರ. ಗಾಳಿ ಬೆಳಕು ಚಲೋ ಐತಿ." ಅವ್ವ ಆಕೆಯ ಕೈ ಹಿಡಿದು ಎದ್ದು ಹೋಗಿ ಅಲ್ಲಿ ಮಲಗಿದಳು. ಕೊಟ್ಟವರ ಮನಸ್ಸು ನೋಯಿಸಬಾರದು ಎಂಬುದು ಅವಳ ಸ್ವಭಾವ. ಮಲಗಿದವಳು ಒಂದು ಕೈಯಿಂದ ಕರಡಿಗೆ ಹಿಡಿದುಕೊಂಡು ಮಾಡಿನ ಕಡೆ ನೋಡುತ್ತಿದ್ದಳು.

ನಾನು ಓಡಿ ಹೊರಗೆ ಬಂದೆ. ಅಂಗಳದಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದಳು, ಅಪ್ಪ ಪಕ್ಕದಲ್ಲಿ ಕೂತಿದ್ದರು.

"ಅಪ್ಪಾ, ಅವ್ವನ್ನ ಮಿರಜಿಗೆ ಒಯ್ಯೂಣು. ಇವತ್ತ ಒಯ್ಯೂಣು."

"ಬಾಯಿ ಮುಚ್ಚ" ಎಂದಳು ಅತ್ತೆ. "ಲಿಂಗ ಬಿಚ್ಚೂ ಜಾಗಾಕ ಒಯ್ತಾಳಂತ. ಮಕ್ಕಳ ಬಾಯಾಗ ಬರೂ ಮಾತೇನ ಇದು?"

"ಅತ್ತೀ, ಆ ಹೆಣ್ಣಮಗಳು ಸತ್ತ ಗಾದಿ ಮ್ಯಾಲ ಅವ್ವನ್ನ ಮಲಗಸ್ಯಾರ. ಹೋಗಿ ನೋಡ."

ಅಪ್ಪ ಎಂದಿನಂತೆ ಹಾಗೂ ಅನ್ನಲಿಲ್ಲ, ಹೀಗೂ ಅನ್ನಲಿಲ್ಲ. ಅತ್ತೆ ಕೈಗೆ ಅಂಟಿದ ಹಿಟ್ಟಿನ ಸಂಗಡವೇ ಎದ್ದು ಒಳಗೆ ಹೋದಳು. ನಾನು ಹಿಂದೆ ಹೋದೆ. ಬಾಗಿಲಲ್ಲಿ ನಿಂತು ಅವಳು ಆ ಮಂಚವನ್ನು, ಅದರ ಮೇಲೆ ಚಿಕ್ಕದಾಗಿ ಮಲಗಿದ ತಮ್ಮನ ಹೆಂಡತಿಯನ್ನು ನೋಡಿದಳು. ಹೆದರಿದ ಅತ್ತೆಯ ಮುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ. ದೊಡ್ಡವರೇ ಹೀಗಾದರೆ ನಾವು ಯಾರ ಸೆರಗು ಹಿಡಿಯಬೇಕು ಎಂದು ನನಗೆ ಅಳು ಬಂತು.

ಅತ್ತೆ ಮಂಚದ ಅಂಚಿಗೆ ಕೂತಳು. "ಏಳವ್ವಾ, ಮಿರಜಿಗೆ ಹೋಗೂಣು" ಎಂದಳು.

ಅವ್ವ ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ ಅಕ್ಕಾರ. ಲಿಂಗ ಬಿಟ್ಟು ಬದುಕೂದು ಬದುಕಲ್ಲರಿ. ಇಲ್ಲೇ ಏನ ಆಗೂದು ಆಗಲಿ. ಹೋದರೂ ಕೊಳ್ಳಾಗ ಲಿಂಗ ಇಟಗೊಂಡ ಹೋಗ್ತೀನಿ."

"ಬಿಡೂದಲ್ಲ ಅದು" ಎಂದಳು ಅತ್ತೆ. ಒಂದು ಕ್ಷಣ ನನ್ನ ಕಡೆ ನೋಡಿದಳು. "ನಿನ್ನ ಹೊಟ್ಟ್ಯಾಗ ಹುಟ್ಟಿದಾಕಿ ಅಂಗೈ ಅಂದ್ರ ನಿನ್ನ ಅಂಗನ. ಹಡದ ಮಗಳ ಎಡಗೈಯಾಗ ತಾಯಿ ಲಿಂಗ ಇದ್ರ ತಾಯಿ ಮೈ ಮ್ಯಾಲ ಇದ್ದಂಗ. ಶಾಸ್ತ್ರದಾಗ ಐತಿ."

"ಖರೇನ ಐತೇನ್ರಿ?"

"ನಾ ಸುಳ್ಳ ಹೇಳ್ತೀನೇನು? ನಮ್ಮ ಗಂಡನ ಮನ್ಯಾಗ ಮಠದ ಅಯ್ಯಗೋಳು ಹೇಳಿದ್ದು ಈ ಕಿವೀಲೆ ಕೇಳೀನಿ. ಆದ್ರ ಅದಕ್ಕ ನೇಮ ಅದಾವ. ಒಂದ ಅಂಗಕ್ಕ ಎರಡ ಲಿಂಗ ಆಗಬಾರದು, ಅದಕ್ಕ ಆಕಿ ಕೊಳ್ಳಾಗ ಹಾಕ್ಕೋಬಾರದು. ನೆಲಕ್ಕ ಇಡಬಾರದು. ಅಂಗೈ ಮುಚ್ಚಬಾರದು. ತಾಯಿಗೆ ಎಚ್ಚರ ಆಗೂತನಾ ಕೂತಲ್ಲಿಂದ ಏಳಬಾರದು."

ಅವ್ವ ಬಹಳ ಹೊತ್ತು ನನ್ನ ಕೈಯನ್ನೇ ನೋಡಿದಳು. ಆಮೇಲೆ ಎದ್ದು ಕೂತಳು. ವಿಜಾಪುರದ ಡಾಕ್ಟರರು ಬೇಸರ ಮಾಡಿಕೊಳ್ಳದೆ ಬಸ್ಸಿನ ತನಕ ಬಂದು ಅವ್ವನಿಗೆ ವಿಭೂತಿ ಹಚ್ಚಿ ಕಳಿಸಿದರು. ಅವರ ಕೈ ಅವಳ ಹಣೆಗೆ ತಾಗಿದಾಗ ನನಗೆ ಹೆದರಿಕೆಯಾಯಿತು. ಅಂಥ ಮನುಷ್ಯನಿಗೆ ಹೆದರುವ ಕಾಲ ಬಂತಲ್ಲ ಎಂದು ನಾಚಿಕೆಯೂ ಆಯಿತು.

ಬಸ್ಸು ಹಾಯ್ದದ್ದು ನಮ್ಮ ಜತ್ತನ್ನೇ. ಅಲ್ಲಿ ಇಳಿದುಬಿಟ್ಟರೆ ಮನೆ ಎಂದು ನಾಲ್ವರಿಗೂ ಅನಿಸಿತು. ಯಾರೂ ಇಳಿಯಲಿಲ್ಲ. ಗಾಡಿ ಕುಲುಕಿದಾಗಲೆಲ್ಲ ಅವ್ವ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಅತ್ತೆ ದಾರಿಯುದ್ದಕ್ಕೂ ಅವಳ ಬೆನ್ನಿಗೆ ತನ್ನ ಕೈಯನ್ನು ದಿಂಬು ಮಾಡಿದ್ದಳು.

ಸನಮಡಿಯವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಮಿರಜಿನ ಆ ದವಾಖಾನೆಯಲ್ಲಿ ಬಾಗಿಲಲ್ಲೇ ನಳ, ನಳದ ಪಕ್ಕ ನರ್ಸಬಾಯಿ. "ಬರ್ರಿ" ಇಲ್ಲ, "ಕುಂದ್ರಿ" ಇಲ್ಲ. "ಆಧೀ ಹಾತ ಧುವಾ" ಎಂದಳು, ಮೊದಲು ಕೈ ತೊಳೆಯಿರಿ ಎಂದು. ಅತ್ತೆಗೆ ಮರಾಠಿ ಚೆನ್ನಾಗಿ ಬರುತ್ತಿದ್ದರೂ ಬಾರದವಳಂತೆ ನಿಂತಳು. ನರ್ಸಬಾಯಿ ಅತ್ತೆಯ ಕೈ ಹಿಡಿದು ನಳದ ಕೆಳಗಿಟ್ಟು ಕೂಸಿಗೆ ತೊಳೆದಂತೆ ತೊಳೆದಳು. ಯಳವಿಯಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಊರು ಎರಡು ಭಾಗವಾಗುತ್ತಿತ್ತು. ಅತ್ತೆ ತುಟಿ ಪಿಟ್ಟೆನ್ನಲಿಲ್ಲ. ನಮ್ಮನ್ನು ಹೊರಗೆ ಹಾಕಿ, ಅವ್ವನನ್ನು ಒಳಗೆ ಒಯ್ದರು. ನಾವು ಹತ್ತಿರದ ಧರ್ಮಶಾಲೆಯಲ್ಲಿ ಒಲೆ ಹೂಡಿದೆವು.

ಕೊಯ್ಯುವ ದಿನ ಬೆಳಗ್ಗೆ ನಮ್ಮನ್ನು ಒಳಗೆ ಕರೆದರು. ಅವ್ವನಿಗೆ ಬಿಳಿ ಅಂಗಿ ತೊಡಿಸಿದ್ದರು. ಬಳೆ ಇಲ್ಲದ ಅವಳ ಕೈ ಯಾರದೋ ಕೈಯಾಗಿ ಕಂಡಿತು. ನರ್ಸಬಾಯಿ ಕರಡಿಗೆಯ ಕಡೆ ಬೆರಳು ಮಾಡಿ, "ಅಂಗಾವರ ಕಾಹೀ ನಕೋ" ಎಂದಳು. ಮೈಮೇಲೆ ಏನೂ ಬೇಡ.

ಅವ್ವ ಶಿವದಾರವನ್ನು ತಲೆಯ ಮೇಲಿಂದ ತೆಗೆಯಲು ಹೋದಳು, ಕೈ ಏಳಲಿಲ್ಲ. ಅತ್ತೆ ತೆಗೆದುಕೊಟ್ಟಳು. ಅವ್ವ ಅದನ್ನು ಕಣ್ಣಿಗೆ ಒತ್ತಿಕೊಂಡು ನನ್ನ ಎಡ ಅಂಗೈಯಲ್ಲಿಟ್ಟಳು. ಬೆಳ್ಳಿ ಇನ್ನೂ ಅವಳ ಮೈಯ ಬಿಸಿಗೆ ಬೆಚ್ಚಗಿತ್ತು. "ಬೀಳಸಬ್ಯಾಡ ಯವ್ವಾ" ಎಂದಳು. ಅಷ್ಟೇ ಎಂದಳು.

ಜಗಲಿಯ ಕಲ್ಲುಬೆಂಚಿನ ಮೇಲೆ ಕೂತೆ. ಎಡಗೈ ಮುಂದೆ ಚಾಚಿ, ಅಂಗೈ ತೆರೆದು. ಆ ಕರಡಿಗೆ ಒಂದು ನಿಂಬೆಹಣ್ಣಿಗಿಂತ ದೊಡ್ಡದಿರಲಿಲ್ಲ. ಮೊದಲು ಹಗುರ ಅನಿಸಿತು. ಹೊತ್ತು ಹೋದಂತೆ ಅದು ಬೆಳೆಯತೊಡಗಿತು. ಒಳಗಿನಿಂದ ಒಂದು ಸದ್ದಿಲ್ಲ. ಅಂಗೈಗೆ ಬೆವರು ಬಂದು ಕರಡಿಗೆ ಜಾರತೊಡಗಿತು. ಇದು ಬಿದ್ದರೆ ಒಳಗೆ ಅವ್ವ ಹೋಗುತ್ತಾಳೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಏಳನೆಯ ಇಯತ್ತೆ ಪಾಸಾದವಳು ನಾನು, ಕೈ ತೊಳೆಯುವುದಕ್ಕೂ ಜ್ವರಕ್ಕೂ ಸಂಬಂಧ ಕಟ್ಟಿ ಮನೆಯವರನ್ನು ಇಲ್ಲಿಯವರೆಗೆ ಎಳೆದು ತಂದವಳು. ಆ ಜಾಣತನ ಆ ಬೆಂಚಿನ ಮೇಲೆ ನನ್ನ ಸಂಗಡ ಕೂತಿರಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡಲಿಲ್ಲ. ಮೊಣಕೈಯಿಂದ ಕೆಳಗೆ ಕೈ ಜೋಮು ಹಿಡಿದು, ಆಮೇಲೆ ಅದು ಇದೆಯೋ ಇಲ್ಲವೋ ತಿಳಿಯದಾಯಿತು. ಕಣ್ಣಿಂದ ನೋಡಿ ನೋಡಿ ಇದೆ ಎಂದುಕೊಳ್ಳುತ್ತಿದ್ದೆ.

ಒಳಗಿನಿಂದ ಯಾರೋ ಓಡಿದ ಸದ್ದಾಯಿತು. ಬಾಗಿಲು ತೆರೆದು, ಒಬ್ಬಳು ಬಿಸಿನೀರಿನ ಪಾತ್ರೆ ಹಿಡಿದು ನಮ್ಮ ಕಡೆ ನೋಡದೆ ಹಾದು ಹೋದಳು. ನನ್ನ ಕೈ ಗಡಗಡ ನಡುಗತೊಡಗಿತು. ಕರಡಿಗೆ ಅಂಚಿಗೆ ಸರಿಯಿತು. "ಅತ್ತೀ, ಬೀಳತೈತಿ" ಎಂದೆ. ಕೂಗಿದೆನೆಂದು ನನ್ನ ನೆನಪು, ದನಿ ಹೊರಬಂದಿತ್ತೋ ಇಲ್ಲವೋ.

ಅತ್ತೆ ನನ್ನ ಎದುರು ನೆಲದ ಮೇಲೆ ಕೂತು, ತನ್ನ ಎರಡೂ ಅಂಗೈಯನ್ನು ನನ್ನ ಕೈಯ ಕೆಳಗೆ ಕೊಟ್ಟಳು. ಆ ಕೈಗಳೂ ನಡುಗುತ್ತಿದ್ದವು. ಎರಡು ನಡುಕ ಕೂಡಿ ಹೇಗೋ ಕರಡಿಗೆ ನಿಂತಿತು. ಅಪ್ಪ ಕಂಬಕ್ಕೆ ಹಣೆ ಹಚ್ಚಿ ನಿಂತಿದ್ದರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಾಗಿಲಿಗೆ ನರ್ಸಬಾಯಿ ಬಂದಳು. ಎಂದಿನ ಗಂಟುಮುಖವೇ. ಅದನ್ನು ನೋಡಿ ನಾನು ಮುಗಿಯಿತು ಎಂದುಕೊಂಡೆ. "ಶುದ್ಧೀವರ ಆಲ್ಯಾ" ಎಂದಳು. ಎಚ್ಚರವಾಗಿದೆ ಎಂದು. ಆಮೇಲೆ ನನ್ನ ಅಂಗೈ ನೋಡಿ, ಎಚ್ಚರವಾದ ಕೂಡಲೇ ಎದೆಯ ಮೇಲೆ ಕೈಯಾಡಿಸಿ ಏನನ್ನೋ ಹುಡುಕುತ್ತಿದ್ದಾಳೆ, ಇದೇ ಇರಬೇಕು, ತಂದುಕೊಡು ಎಂದಳು. ನಾನು ಅಳುತ್ತ ಎದ್ದೆ. ಒಳಗೆ ಬಿಡುವ ಮೊದಲು ನಳದ ಹತ್ತಿರ ನಿಲ್ಲಿಸಿ, ಕರಡಿಗೆ ಹಿಡಿದ ಕೈ ಬಿಟ್ಟು ಇನ್ನೊಂದು ಕೈಯನ್ನು ತಾನೇ ತೊಳೆದಳು. ಕರಡಿಗೆಯನ್ನು ಬಲಗೈಗೆ ಸರಿಸಿಕೊಂಡ ಮೇಲೆ ಎಡಗೈಯನ್ನೂ ಬಿಡಲಿಲ್ಲ. ಬೆರಳು ಮಡಚಲು ಬರದಾಗಿತ್ತು, ಅದನ್ನು ತಿಕ್ಕಿ ತಿಕ್ಕಿ ಬಿಡಿಸಿದಳು.

ಹೆದರಿಕೆ ಅಲ್ಲಿಗೇ ಮುಗಿಯಲಿಲ್ಲ. ಇಂಡಿಯವಳು ಕೊಯ್ದ ದಿನ ಚೆನ್ನಾಗಿಯೇ ನಗುತ್ತಿದ್ದಳಲ್ಲ. ದಿನಾ ಕಿಟಕಿಗೆ ಮುಖ ಹಚ್ಚಿ, "ಅವ್ವಾ, ಚಳಿ ಬಂತೇನು?" ಎಂದು ಕೇಳುವುದೇ ನನ್ನ ಕೆಲಸ. ಅವ್ವನಿಗೆ ಅದು ಯಾಕೆಂದು ಗೊತ್ತಿತ್ತು. ಚಳಿ ಬರಲಿಲ್ಲ. ಹೊಲಿಗೆ ಬಿಚ್ಚಿದ ದಿನ ಅಪ್ಪ ನರ್ಸಬಾಯಿಗೆ ಕೈಮುಗಿಯಲು ಹೋದರೆ, ದಾರಿ ಬಿಡಿ ಎಂದು ಗದರಿಸಿಕೊಂಡರು.

ಯಳವಿಗೆ ಬಂದ ಮೇಲೆ ಅವ್ವನನ್ನು ಕೇಳಲು ಹೆಂಗಸರು ಬರತೊಡಗಿದರು, ಎಲ್ಲಿ ಚೆನ್ನಾಗಿ ನೋಡುತ್ತಾರೆ ಎಂದು. ಅವ್ವ ಹೇಳಿದ್ದು ಕೇಳಿ ನಾನು ಹಣೆ ಚಚ್ಚಿಕೊಂಡೆ. "ನೋಡೂದು ಅಂದ್ರ ವಿಜಾಪುರದಾಗ ನೋಡಬೇಕ್ರಿ. ಎಂಥಾ ಡಾಕ್ಟರು, ಎಂಥಾ ಮಾತು! ಮಿರಜಿನವರು ಬರೇ ಒದರತಾರ." ಸ್ವಲ್ಪ ತಡೆದು, "ಆದ್ರ ಹೋಗೂದಿದ್ರ ಮಿರಜಿಗೇ ಹೋಗ್ರಿ" ಎನ್ನುತ್ತಿದ್ದಳು. ಲಿಂಗ ಏನು ಮಾಡುವುದು ಎಂದು ಕೇಳಿದವರಿಗೆ ಮಗಳ ಅಂಗೈಯ ಶಾಸ್ತ್ರ ಹೇಳುತ್ತಿದ್ದಳು, ಎಲ್ಲ ನೇಮಗಳ ಸಹಿತ. ಕೆಲವರು ಹಾಗೆಯೇ ಮಾಡಿದರೆಂದು ಕೇಳಿದೆ.

ಕೆಲವು ವರ್ಷಗಳ ಮೇಲೆ ಅತ್ತೆಗೂ ಪಾಳಿ ಬಂತು. ಪಿತ್ತಕೋಶದಲ್ಲಿ ಹರಳು. ಅಷ್ಟರಲ್ಲಿ ಅವಳ ದನಿ ಮನೆಯ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಮಿರಜಿನ ಅದೇ ದವಾಖಾನೆ, ಅದೇ ನಳ. ನರ್ಸಬಾಯಿ ಮಾತ್ರ ಬೇರೆ. ಅವ್ವ, ನಾನು ಇಬ್ಬರೂ ಹೋಗಿದ್ದೆವು. ಬಿಳಿ ಅಂಗಿ ತೊಟ್ಟು ಕೂತ ಅತ್ತೆ ತನ್ನ ಶಿವದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. ಹೊಟ್ಟೆಯಲ್ಲಿ ಹುಟ್ಟಿದವರು ಅವಳಿಗೆ ಯಾರೂ ಇರಲಿಲ್ಲ. ಅದು ನನಗೆ ಆಗ ಹೊಳೆಯಿತು. ಅವ್ವ ಹೊರಗೆ ಹೋದದ್ದನ್ನು ನೋಡಿಕೊಂಡು ಅತ್ತೆ ನನ್ನನ್ನು ಹತ್ತಿರ ಕರೆದಳು.

"ಆವತ್ತ ಹೇಳಿದ್ದೆ ನೋಡ, ಶಾಸ್ತ್ರ. ಅದು ಎಲ್ಲೂ ಇಲ್ಲ. ಬಾಯಿಗೆ ಬಂದದ್ದ ಹೇಳಿದ್ದೆ. ನಿಮ್ಮವ್ವ ಆ ಗಾದಿ ಮ್ಯಾಲಿಂದ ಏಳಬೇಕಾಗಿತ್ತು."

ಮೊದಲು ಬಾಯಿಗೆ ಬಂದದ್ದು ಹುಚ್ಚು ಸಿಟ್ಟು. "ಅಂಗೈ ಮುಚ್ಚಬಾರದು, ಏಳಬಾರದು ಅಂದಿದ್ದಿ! ನನ್ನ ಕೈ ಸತ್ತ ಹೋಗಿತ್ತಲ್ಲ ಅತ್ತೀ!"

"ನೇಮ ಇಲ್ಲದ ಶಾಸ್ತ್ರ ನಿಮ್ಮವ್ವ ನಂಬತಿದ್ಳೇನು?" ಎಂದಳು. ಆಮೇಲೆ ಶಿವದಾರವನ್ನು ಮೆಲ್ಲಗೆ ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬಾವಿಯ ಕಟ್ಟೆಯ ಮೇಲೆ ಕೂತ ಅಜ್ಜಿಯ ಮೊಮ್ಮಗಳು ಅವಳು. "ಹಡದವರಿಗೆ ಅಷ್ಟ ಅಲ್ಲ, ಎತ್ತಿ ಆಡಿಸಿದವರಿಗೂ ನಡೀತೈತಿ" ಎಂದಳು.

"ಇದು ಶಾಸ್ತ್ರದಾಗ ಐತೇನು?" ಎಂದು ಕೇಳಿದೆ.

"ಈಗ ಐತಿ" ಎಂದಳು ಅತ್ತೆ. "ನಾ ಹೇಳೀನಲ್ಲ."

ನಾನು ಬಾಗಿಲಿಗೆ ಹೋಗಿ, ಅವಸರ ಮಾಡದೆ, ನಳದ ಕೆಳಗೆ ಎರಡೂ ಕೈ ತೊಳೆದುಕೊಂಡು ಬಂದೆ. ಆಮೇಲೆ ಎಡ ಅಂಗೈ ತೆರೆದು ಅವಳ ಮುಂದೆ ಹಿಡಿದೆ.